ಚಳಿಗಾಲದ ಕಡಲು ಯಾವಾಗಲೂ ಶಾಂತವಲ್ಲ

ಡಿಸೆಂಬರ್ ಬಂತೆಂದರೆ ನಮ್ಮ ಮದ್ರಸದ ಬೆಳಗಿನ ತರಗತಿಗೆ ಅರ್ಧ ಮಕ್ಕಳು ತಡವಾಗಿ ಬರುತ್ತಾರೆ. ಬಂದವರೂ ಸ್ವೆಟರಿನೊಳಗೆ ಕೈ ಹುದುಗಿಸಿಕೊಂಡು ಕೂತಿರುತ್ತಾರೆ. ವಿಜಯನಗರ, ಬಸವೇಶ್ವರನಗರದಲ್ಲಿ ಸುಬಹಿ ನಮಾಝ್ ಮುಗಿಸಿ ಹೊರಬರುವ ಹಿರಿಯರ ಟೊಪ್ಪಿಯ ಮೇಲೊಂದು ಮಫ್ಲರ್ ಸುತ್ತಿರುತ್ತದೆ. ಕೆಂಗೇರಿ ಕಡೆಯಿಂದ ಬೈಕಿನಲ್ಲಿ ಬರುವವರ ಕಥೆ ಕೇಳುವುದೇ ಬೇಡ.

ಅಂಥದೊಂದು ಬೆಳಿಗ್ಗೆ ಐದನೇ ತರಗತಿಯ ಹುಡುಗನೊಬ್ಬ ಕೇಳಿದ: "ಉಸ್ತಾದ್, ರಜೆಗೆ ನಾವೆಲ್ಲ ಊರಿಗೆ ಹೋಗ್ತೇವೆ. ಈಗ ಮಳೆ ಇಲ್ಲ ಅಲ್ವಾ, ಕಡಲಿಗೆ ಇಳೀಬಹುದಾ?"

"ದೊಡ್ಡವರು ಜೊತೆಗಿಲ್ಲದೆ ಇಳೀಬೇಡ" ಎಂದು ಹೇಳಿ ಪಾಠ ಮುಂದುವರಿಸಿದೆ. ಆದರೆ ಆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ಯಾಕೆಂದರೆ ದೊಡ್ಡವರಾದ ನಮಗೂ ಅದರ ಸರಿಯಾದ ಉತ್ತರ ಗೊತ್ತಿಲ್ಲ. ಮಳೆಗಾಲದಲ್ಲಿ ಕಡಲು ಕೆಟ್ಟದು, ಚಳಿಗಾಲದಲ್ಲಿ ಒಳ್ಳೆಯದು. ನಮ್ಮ ಲೆಕ್ಕ ಇಷ್ಟೇ. ಈ ಲೆಕ್ಕ ಬಹುಪಾಲು ದಿನ ಸರಿ. ಆದರೆ ಕೆಲವು ದಿನ ತಪ್ಪು. ಆ ಕೆಲವು ದಿನಗಳೇ ಜೀವ ತೆಗೆಯುವುದು.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ನಡೆದದ್ದನ್ನು ಯಾರೂ ಮರೆತಿರಲಿಕ್ಕಿಲ್ಲ. ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ಮಕ್ಕಳಲ್ಲಿ ನಾಲ್ವರು ಹೆಣ್ಣುಮಕ್ಕಳು ಕಡಲಿನ ಪಾಲಾದರು. ಅದು ಮಳೆಗಾಲವಲ್ಲ, ಪ್ರವಾಸದ ಕಾಲ. ಬಯಲುಸೀಮೆಯ ಆ ಮಕ್ಕಳಿಗೆ ಕಡಲಿನ ಸ್ವಭಾವ ತಿಳಿದಿರಲು ಸಾಧ್ಯವೂ ಇಲ್ಲ. "ನಾವು ಕರಾವಳಿಯವರು, ನಮಗೆ ಗೊತ್ತು" ಎಂದು ನಾವು ಹೇಳಬಹುದು. ಆದರೆ ರಾಜಾಜಿನಗರದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಆ ಮುಳಬಾಗಿಲಿನ ಮಕ್ಕಳಿಗೂ ಕಡಲಿನ ವಿಷಯದಲ್ಲಿ ಏನು ವ್ಯತ್ಯಾಸ? ಊರು ಉಳ್ಳಾಲವೋ ಉಚ್ಚಿಲವೋ ಇರಬಹುದು, ಆದರೆ ಮಗು ಕಡಲು ನೋಡುವುದು ವರ್ಷಕ್ಕೆ ಎರಡು ಸಲ.

ನಮ್ಮ ಮನೆಯಲ್ಲೇ ಆದದ್ದು

ಎರಡು ವರ್ಷದ ಹಿಂದೆ ಜನವರಿಯಲ್ಲಿ ಮದುವೆಯೊಂದಕ್ಕೆ ಊರಿಗೆ ಹೋಗಿದ್ದೆವು. ಟೆಂಪೊ ಟ್ರಾವೆಲರಿನಲ್ಲಿ ಹನ್ನೆರಡು ಜನ. ಮದುವೆಯ ಮರುದಿನ ಅಸರ್ ನಮಾಝ್ ಆದ ಮೇಲೆ ಮಕ್ಕಳ ಒತ್ತಾಯಕ್ಕೆ ಕಡಲ ಬದಿಗೆ ಹೋದೆವು. ಆಕಾಶದಲ್ಲಿ ಒಂದು ಮೋಡ ಇರಲಿಲ್ಲ. ಗಾಳಿಯೂ ಜೋರಾಗಿರಲಿಲ್ಲ. ಹತ್ತು ನಿಮಿಷ ನೋಡಿದೆ, ಅಲೆ ಸಣ್ಣದಾಗಿಯೇ ಇತ್ತು. ಮೊಣಕಾಲಿನವರೆಗೆ ಇಳಿಯಿರಿ ಎಂದು ನಾನೇ ಹೇಳಿದೆ.

ಸ್ವಲ್ಪ ಹೊತ್ತಿನಲ್ಲಿ ಒಂದರ ಹಿಂದೊಂದು ಮೂರು ಅಲೆಗಳು ಬಂದವು. ಮೊದಲನೆಯದು ಮೊಣಕಾಲಿಗೆ, ಎರಡನೆಯದು ಸೊಂಟಕ್ಕೆ. ಮೂರನೆಯದು ನನ್ನ ತಂಗಿಯ ಮಗನನ್ನು ಕೆಡವಿ ಒಳಗೆ ಎಳೆಯಿತು. ಹನ್ನೊಂದು ವರ್ಷದ ಹುಡುಗ. ಕಣ್ಣೆದುರೇ ತಲೆ ಕಾಣಿಸಿತು, ಮತ್ತೆ ಕಾಣಿಸಲಿಲ್ಲ. ನನಗೆ ಈಜು ಬರುವುದಿಲ್ಲ. ಬಲೆ ಸರಿ ಮಾಡುತ್ತಾ ಕೂತಿದ್ದ ಮೊಗವೀರ ಯುವಕನೊಬ್ಬ ಓಡಿ ಬಂದು ಹಾರಿದ. ಹುಡುಗನನ್ನು ನೇರವಾಗಿ ದಡಕ್ಕೆ ಎಳೆಯದೆ ಬದಿಗೆ ತೆಗೆದುಕೊಂಡು ಹೋಗಿ ಐವತ್ತು ಅಡಿ ಆಚೆ ಮೇಲೆ ತಂದ. ಅಲ್ಲಾಹನ ಕೃಪೆ, ಹುಡುಗ ಉಳಿದ.

ಆ ಯುವಕ ಉಸಿರು ತಿರುಗಿಸಿಕೊಂಡು ನನಗೆ ಹೇಳಿದ ಮಾತು ಇದು: "ಉಸ್ತಾದ್ರೆ, ನಿನ್ನೆಯಿಂದ ಅಲೆ ಬಡಗು ಕಡೆಯಿಂದ ಬರ್ತಾ ಉಂಟು. ನೀವು ನೋಡ್ಲಿಲ್ವಾ?"

ನಾನು ಏನನ್ನೂ ನೋಡಿರಲಿಲ್ಲ. ನೋಡಿದ್ದರೂ ತಿಳಿಯುತ್ತಿರಲಿಲ್ಲ. ರಾತ್ರಿ ಹುಡುಗನ ಉಪ್ಪ ಕುವೈತಿನಿಂದ ಫೋನ್ ಮಾಡಿದರು. ವಿಷಯ ಹೇಳಿದಾಗ ಅವರ ಧ್ವನಿಯೇ ನಿಂತು ಹೋಯಿತು. ಆಮೇಲೆ ಮಾತು ಬದಲಿಸಲು, "ಅಲ್ಲಿ ಹೇಗಿದೆ?" ಎಂದು ಕೇಳಿದೆ. "ನಾಲ್ಕು ದಿನದಿಂದ ಭಾರಿ ಶಮಾಲ್. ಧೂಳು, ಚಳಿ. ಹೊರಗೆ ಹೋಗ್ಲಿಕ್ಕೇ ಆಗ್ತಾ ಇಲ್ಲ" ಎಂದರು.

ಬಡಗಿನ ಅಲೆ, ಕುವೈತಿನ ಗಾಳಿ. ಈ ಎರಡಕ್ಕೂ ಸಂಬಂಧ ಇದೆಯೇ ಎಂದು ಆವಾಗಿನಿಂದ ತಿಳಿದವರನ್ನು ಕೇಳಿದೆ, ಸಿಕ್ಕಿದ್ದನ್ನು ಓದಿದೆ. ಅಂದು ನಮ್ಮ ಹುಡುಗನನ್ನು ಎಳೆದ ಅಲೆ ಅದೇ ಗಾಳಿಯದು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಅಂಥ ಸಂಬಂಧ ಇರುವುದು ನಿಜ.

ಶಮಾಲ್ ಎಂದರೇನು?

ಅರಬಿಯಲ್ಲಿ ಶಮಾಲ್ ಎಂದರೆ ಉತ್ತರ. ಎಡಗಡೆಗೆ ಹೇಳುವ ಶಿಮಾಲ್ ಎಂಬ ಪದವೂ ಇದೇ ಬೇರಿನದು. ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ನಿಂತರೆ ಎಡಗೈ ಉತ್ತರಕ್ಕೆ ಬರುತ್ತದೆ. ಗಲ್ಫಿನಲ್ಲಿ ವಾಯವ್ಯ ದಿಕ್ಕಿನಿಂದ ಬೀಸುವ ಗಾಳಿಗೆ ಇದೇ ಹೆಸರು. ಅಲ್ಲಿ ದುಡಿಯುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೇಸಿಗೆಯಲ್ಲೂ ಶಮಾಲ್ ಇದೆ, ಚಳಿಗಾಲದಲ್ಲೂ ಇದೆ. ಚಳಿಗಾಲದ್ದು ಹುಟ್ಟುವ ಬಗೆ ಬೇರೆ. ಮೆಡಿಟರೇನಿಯನ್ ಸಮುದ್ರದ ಕಡೆ ವಾಯುಭಾರ ಕುಸಿತವೊಂದು ಎದ್ದು ಪೂರ್ವಕ್ಕೆ ಚಲಿಸುತ್ತದೆ. ನಮ್ಮ ಹವಾಮಾನ ಇಲಾಖೆ 'ಪಶ್ಚಿಮದ ಪ್ರಕ್ಷುಬ್ಧತೆ' ಎಂದು ಹೇಳುವುದು ಇಂಥದ್ದನ್ನೇ. ಅದರ ಬೆನ್ನಿಗೆ ಉತ್ತರದ ತಂಪು ಗಾಳಿ ಇರುತ್ತದೆ. ತಂಪು ಗಾಳಿಗೆ ತೂಕ ಹೆಚ್ಚು. ಅದು ಬೆಚ್ಚಗಿನ ಗಾಳಿಯ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಈ ಎರಡು ಗಾಳಿಗಳು ಸೇರುವ ಗಡಿಯನ್ನೇ ಶೀತಗಾಳಿಯ ಮುಂಚೂಣಿ ಎನ್ನುತ್ತಾರೆ. ಆ ಗಡಿ ಇರಾಕ್, ಕುವೈತ್ ದಾಟಿ ಗಲ್ಫಿನ ಮೇಲೆ ಹಾದು ಹೋಗುವಾಗ ಮೋಡ, ಸ್ವಲ್ಪ ಮಳೆ. ಅದು ದಾಟಿದ ಮೇಲೆ ಆಕಾಶ ತಿಳಿಯಾಗುತ್ತದೆ, ಆದರೆ ಗಾಳಿ ಬಿರುಸಾಗುತ್ತದೆ. ಕೆಲವು ಸಲ ಒಂದು ಒಂದೂವರೆ ದಿನ, ಕೆಲವು ಸಲ ಮೂರರಿಂದ ಐದು ದಿನ ಬೀಸುತ್ತದೆ.

ಅದೇ ಪ್ರಕ್ಷುಬ್ಧತೆ ಮುಂದೆ ಪಾಕಿಸ್ತಾನ ದಾಟಿ ಕಾಶ್ಮೀರಕ್ಕೆ ಬಂದರೆ ಹಿಮ, ಪಂಜಾಬ್ ಹರಿಯಾಣಕ್ಕೆ ಬಂದರೆ ಮಳೆ. ಅದು ದಾಟಿದ ಮೇಲೆ ದಿಲ್ಲಿಯಲ್ಲಿ ನಡುಗುವ ಚಳಿ. ಅದರ ಗಾಳಿ ಅರಬಿ ಸಮುದ್ರದ ಮೇಲೂ ಹರಡುವುದುಂಟು. 2022ರ ಜನವರಿ 22 ಮತ್ತು 23ರಂದು ಹಾಗೆಯೇ ಆಯಿತು. ಕರಾಚಿ ಕಡೆಯಿಂದ ಎದ್ದ ಧೂಳು ಸಮುದ್ರ ದಾಟಿ ಗುಜರಾತ್ ಮತ್ತು ಮುಂಬೈವರೆಗೆ ಬಂತು. ಮುಂಬೈಯಲ್ಲಿ ಹಗಲೇ ಮಬ್ಬು ಕವಿಯಿತು, ನಿಲ್ಲಿಸಿದ್ದ ವಾಹನಗಳ ಮೇಲೆ ಬಿಳಿ ಪುಡಿ ಕೂತಿತು, ಜನರು ಸ್ವೆಟರ್ ಹುಡುಕಿದರು. ಕಣ್ಣಿಗೆ ಕಂಡದ್ದು ಧೂಳು. ಅದೇ ಗಾಳಿ ನೀರಿನ ಮೇಲೂ ತನ್ನ ಕೆಲಸ ಮಾಡಿರುತ್ತದೆ.

ಅಲೆ ನಡೆದು ಬರುವ ದಾರಿ

ಗಾಳಿ ನಿಂತ ಮೇಲೂ ಅಲೆ ನಿಲ್ಲುವುದಿಲ್ಲ. ಎಲ್ಲೋ ಎದ್ದ ಅಲೆ ಸಾವಿರಾರು ಕಿಲೋಮೀಟರ್ ನಡೆದು ಬರುತ್ತದೆ. ಕೆರೆಗೆ ಕಲ್ಲು ಹಾಕಿದರೆ ಕಲ್ಲು ಮುಳುಗಿದ ಮೇಲೂ ಸುತ್ತಿನ ಅಲೆ ದಡಕ್ಕೆ ಬರುವುದಿಲ್ಲವೇ, ಹಾಗೆ. ಹೀಗೆ ದೂರದಿಂದ ಬರುವುದನ್ನು ಉಬ್ಬಲೆ ಎಂದು ಕರೆಯೋಣ.

ಗಲ್ಫಿನ ಶಮಾಲ್ ಎಬ್ಬಿಸಿದ ಉಬ್ಬಲೆ ಒಮಾನ್ ಕೊಲ್ಲಿಯ ಮೂಲಕ ಅರಬಿ ಸಮುದ್ರಕ್ಕಿಳಿದು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತದೆ ಎಂಬುದನ್ನು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಳೆದು ನೋಡಿ 2011ರಲ್ಲಿ ಪ್ರಕಟಿಸಿದ್ದಾರೆ. ರತ್ನಗಿರಿ, ಗೋವಾ ಕಡೆ ಅದು ಸ್ಪಷ್ಟವಾಗಿ ಕಾಣುತ್ತದೆ. ದಕ್ಷಿಣಕ್ಕೆ ಬಂದಂತೆ ಬಲ ಕಡಿಮೆಯಾಗುತ್ತದೆ. ಕಾರವಾರದಲ್ಲಿ ಕಾಣುವಷ್ಟು ಉಳ್ಳಾಲದಲ್ಲಿ ಕಾಣಲಿಕ್ಕಿಲ್ಲ. ಹಾಗೆಂದು ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಎಷ್ಟು ದಿನಕ್ಕೆ ಬರುತ್ತದೆ? ಲೆಕ್ಕ ಸುಲಭ. ಎಂಟು ಸೆಕೆಂಡಿಗೊಂದರಂತೆ ಬರುವ ಅಲೆಗಳ ಗುಂಪು ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 22 ಕಿ.ಮೀ. ಸಾಗುತ್ತದೆ. ಒಮಾನ್ ಕೊಲ್ಲಿಯಿಂದ ಮಂಗಳೂರಿಗೆ ಅಂದಾಜು 2,000 ಕಿ.ಮೀ. ಅಂದರೆ ಮೂರೂವರೆ, ನಾಲ್ಕು ದಿನ. ನಮ್ಮ ಭಾವಂದಿರು ಫೋನಿನಲ್ಲಿ "ಇಲ್ಲಿ ಶಮಾಲ್" ಎಂದು ಹೇಳಿ ನಾಲ್ಕು ದಿನವಾದ ಮೇಲೆ, ನಾವು ಆ ಮಾತನ್ನೇ ಮರೆತಿರುವಾಗ, ಅದರ ಅಲೆ ನಮ್ಮೂರಿನ ದಡಕ್ಕೆ ಬಂದಿರುತ್ತದೆ. ಆಗ ದಡದಲ್ಲಿ ಗಾಳಿಯೂ ಇರುವುದಿಲ್ಲ, ಮೋಡವೂ ಇರುವುದಿಲ್ಲ. ಆಕಾಶ ನೋಡಿ ಕಡಲನ್ನು ತಿಳಿಯಲು ಹೋದರೆ ಮೋಸ ಹೋಗುವುದು ಇಲ್ಲೇ.

ಚಳಿಗಾಲದಲ್ಲಿ ನಮ್ಮ ಕರಾವಳಿಯ ಅಲೆ ಸಾಮಾನ್ಯವಾಗಿ ಒಂದು ಮೀಟರಿನ ಒಳಗೆ. ಮಳೆಗಾಲದ ಎರಡು, ಮೂರು ಮೀಟರ್ ಅಲೆಯ ಮುಂದೆ ಇದು ಏನೂ ಅಲ್ಲ. ಉಬ್ಬಲೆ ಸೇರಿದಾಗ ಒಂದೂವರೆ ಮೀಟರಿಗೆ ಏರಿದರೂ ದೊಡ್ಡ ಬೋಟಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಮೊಣಕಾಲು ನೀರಿನಲ್ಲಿ ನಿಂತ ಮಗುವಿಗೆ ಅದು ತಲೆಯ ಮೇಲಿನ ಅಲೆ. ಇನ್ನೊಂದು ವಿಷಯ, ಇಂಥ ಅಲೆಗಳು ಗುಂಪಾಗಿ ಬರುತ್ತವೆ. ಕೆಲವು ನಿಮಿಷ ಸಣ್ಣ ಅಲೆ, ಆಮೇಲೆ ಮೂರೋ ನಾಲ್ಕೋ ದೊಡ್ಡವು, ಮತ್ತೆ ಸಣ್ಣವು. ಸಣ್ಣ ಅಲೆಯ ಹೊತ್ತಿನಲ್ಲಿ ನೋಡಿದವರು "ಏನೂ ಇಲ್ಲ" ಎಂದು ಇಳಿಯುತ್ತಾರೆ. ಅಂದು ನಾನು ಮಾಡಿದ್ದೂ ಅದನ್ನೇ.

ದಡಕ್ಕೆ ನುಗ್ಗಿದ ನೀರು ಹಿಂದೆ ಹೋಗಲೇಬೇಕು. ಅದು ಎಲ್ಲ ಕಡೆಯಿಂದ ಸಮನಾಗಿ ಹೋಗುವುದಿಲ್ಲ, ಮರಳಿನ ದಿಣ್ಣೆಗಳ ನಡುವೆ ತಗ್ಗು ಸಿಕ್ಕಿದ ಕಡೆ ತೋಡಿನಂತೆ ಹರಿದು ಹೋಗುತ್ತದೆ. ಆ ಸೆಳೆತಕ್ಕೆ ಸಿಕ್ಕಿದವರನ್ನು ಅದು ಒಳಕ್ಕೆ ಒಯ್ಯುತ್ತದೆ. ಸುತ್ತಲೂ ಅಲೆ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ನೀರು ಸಮತಟ್ಟಾಗಿ ಕಂಡರೆ, ಇಳಿಯಲು ಅದೇ ಒಳ್ಳೆಯ ಜಾಗ ಎಂದು ನಮಗೆ ಅನ್ನಿಸುತ್ತದೆ. ಅದೇ ಅತಿ ಕೆಟ್ಟ ಜಾಗ.

ಬೆಂಗಳೂರಿನ ಚಳಿಗೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧ ಕಡಿಮೆ. ಉತ್ತರದ ಶೀತ ಮುಂಚೂಣಿ ಬೆಂಗಳೂರಿನವರೆಗೆ ಬರುವುದಿಲ್ಲ, ದಾರಿಯಲ್ಲೇ ಸಡಿಲವಾಗುತ್ತದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಮೋಡ ಇಲ್ಲದ ರಾತ್ರಿ ನೆಲದ ಬಿಸಿ ಮೇಲಕ್ಕೆ ಹೋಗಿಬಿಡುತ್ತದೆ, ಈಶಾನ್ಯದ ಒಣ ಗಾಳಿ ಬೀಸುತ್ತದೆ, ಅದಕ್ಕೇ ಚಳಿ. 1884ರ ಜನವರಿ 13ರಂದು ಬೆಂಗಳೂರಿನಲ್ಲಿ 7.8 ಡಿಗ್ರಿ ದಾಖಲಾಗಿತ್ತು. ಅಷ್ಟು ಚಳಿ ಮತ್ತೆ ಬಂದಿಲ್ಲ.

ಇದೇ ಒಣ ಗಾಳಿ ಘಟ್ಟ ಇಳಿದು ಕರಾವಳಿಗೆ ಹೋಗುವಾಗ ಬಿಸಿಯಾಗುತ್ತದೆ. ಇಲ್ಲಿ ನಾವು ಕಂಬಳಿ ಹೊದ್ದಿರುವಾಗ ಮಂಗಳೂರು, ಪುತ್ತೂರಿನಲ್ಲಿ ಹಗಲು 35 ಡಿಗ್ರಿ ದಾಟುವುದು ಅಪರೂಪವಲ್ಲ. ಇಲ್ಲಿಯ ಚಳಿಯಿಂದ ಹೋದ ಮಕ್ಕಳು ಅಲ್ಲಿಯ ಸೆಕೆಗೆ ನೀರನ್ನು ಕಂಡ ಕೂಡಲೇ ಓಡುವುದು ಇದಕ್ಕೇ.

ಇನ್ನೊಂದು ಮಾತು. ಚಳಿಗಾಲದ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಅದು ದಡದ ಹತ್ತಿರದ ನೀರನ್ನು ಒರೆಸಿದ ಹಾಗೆ ನುಣ್ಣಗೆ ಮಾಡುತ್ತದೆ. ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ, ಅಲೆ ಏಳುತ್ತದೆ. ಬೆಳಿಗ್ಗೆ ಏಳು ಗಂಟೆಗೆ ನೋಡಿದ ಕಡಲು ಸಂಜೆ ಐದಕ್ಕೆ ಅದೇ ಕಡಲಲ್ಲ. ನಮ್ಮ ಕುಟುಂಬಗಳು ಹೋಗುವುದು ಅಸರ್‌ನಿಂದ ಮಗ್ರಿಬ್‌ವರೆಗೆ. ಅಲೆ ಹೆಚ್ಚಿರುವ ಹೊತ್ತು, ಸೂರ್ಯ ಕಣ್ಣಿಗೆ ಹೊಡೆಯುವ ಹೊತ್ತು, ಜನಜಂಗುಳಿಯ ಹೊತ್ತು. ಕಾವಲಿನವರಿಗೂ ಒಂದು ತಲೆ ಮುಳುಗಿದ್ದು ಕಾಣುವುದು ಕಷ್ಟ.

ಡಿಸೆಂಬರಿನ ಚಂಡಮಾರುತಗಳು

ಉಬ್ಬಲೆಯಲ್ಲದೆ ಇನ್ನೊಂದು ಅಪಾಯವೂ ಇದೇ ಕಾಲದಲ್ಲಿದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಚಂಡಮಾರುತಗಳ ಕಾಲ. 2017ರ ನವೆಂಬರ್ ಕೊನೆಗೆ ಕನ್ಯಾಕುಮಾರಿಯ ಬಳಿ ಎದ್ದ ಒಖಿ, ಡಿಸೆಂಬರ್ 2ರ ಹೊತ್ತಿಗೆ ಲಕ್ಷದ್ವೀಪದ ಮೇಲೆ ಹಾದು, ಗುಜರಾತಿನ ಕಡೆ ತಿರುಗಿ ಬಲ ಕಳೆದುಕೊಂಡಿತು. ಎಚ್ಚರಿಕೆ ಬರುವ ಹೊತ್ತಿಗೆ ಕೇರಳ, ತಮಿಳುನಾಡಿನ ಸಾವಿರಾರು ಮೀನುಗಾರರು ಆಗಲೇ ಆಳ ಸಮುದ್ರದಲ್ಲಿದ್ದರು. ನೂರಾರು ಮಂದಿ ಹಿಂದೆ ಬರಲಿಲ್ಲ. ಬದುಕಿದವರ ದೋಣಿಗಳು ಲಕ್ಷದ್ವೀಪ, ಕರ್ನಾಟಕ, ಗೋವಾ, ಮಹಾರಾಷ್ಟ್ರದ ಬಂದರುಗಳನ್ನು ಸೇರಿದವು.

2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಕೂಡ ಹಾಗೆಯೇ. ಅದು ಬಂದದ್ದು ಪೂರ್ವದ ಕಡಲಿನಿಂದ. ಆದರೆ ಅದರ ಉಳಿಕೆ ಬೆಂಗಳೂರಿನ ಮೇಲೆ ಎರಡು ದಿನ ಜಿನುಗುವ ಮಳೆ, ನಡುಗುವ ಚಳಿ ತಂದಿತು. ಮುಂದೆ ಘಟ್ಟ ದಾಟಿ ದಕ್ಷಿಣ ಕನ್ನಡದಲ್ಲಿ ಭಾರಿ ಮಳೆ ಸುರಿಸಿತು. ಡಿಸೆಂಬರ್ 3ರಂದು ಅಲ್ಲಿ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಅಲ್ಲಿಂದ ಅದು ಅರಬಿ ಸಮುದ್ರಕ್ಕಿಳಿಯಿತು. ಡಿಸೆಂಬರಿನಲ್ಲಿ ಮಳೆ ರಜೆ ಎಂದರೆ ಹಿಂದೆ ಯಾರೂ ನಂಬುತ್ತಿರಲಿಲ್ಲ. ಈಗ ನಂಬಬೇಕಾಗಿದೆ.

ದಕ್ಕೆಯ ಲೆಕ್ಕ, ಅಡುಗೆಮನೆಯ ಲೆಕ್ಕ

ಕಡಲು ಕೆಟ್ಟರೆ ಅದರ ಬಿಸಿ ಪಶ್ಚಿಮ ಬೆಂಗಳೂರಿನ ನಮ್ಮ ಅಡುಗೆಮನೆಗೂ ಮುಟ್ಟುತ್ತದೆ. ಮಲ್ಪೆ, ಮಂಗಳೂರಿನಿಂದ ರಾತ್ರಿ ಹೊರಟ ಬೂತಾಯಿ, ಬಂಗುಡೆ ಬೆಳಿಗ್ಗೆ ಇಲ್ಲಿಯ ಅಂಗಡಿಯಲ್ಲಿರುತ್ತದೆ. ಮೀನಂಗಡಿಯ ಕಾಕ "ಬೋಟ್ ಕಟ್ಟಿದ್ದಾರೆ, ಮಾಲ್ ಇಲ್ಲ" ಎಂದರೆ ನಾವು ರೇಟಿಗೆ ಗೊಣಗಿ ಕೋಳಿ ತೆಗೆದುಕೊಂಡು ಬರುತ್ತೇವೆ. ಆ ಮಾತಿನ ಹಿಂದೆ ಏನಿದೆ ಎಂದು ಯೋಚಿಸುವುದಿಲ್ಲ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಾಗಾಗಿ ಮೀನುಗಾರರಿಗೆ ಸಂಪಾದನೆಯ ಕಾಲ ಇದೇ ಚಳಿಗಾಲ. ಆಳ ಸಮುದ್ರದ ಬೋಟ್ ಒಮ್ಮೆ ಹೋದರೆ ಬರುವುದು ವಾರ, ಹತ್ತು ದಿನಕ್ಕೆ. ಡೀಸೆಲ್, ಐಸು, ಅಕ್ಕಿ ಎಲ್ಲ ತುಂಬಿಸಿ ಹೋಗಿರುತ್ತಾರೆ. ಗಾಳಿಯ ಎಚ್ಚರಿಕೆ ಬಂದು ಅರ್ಧದಲ್ಲಿ ತಿರುಗಿದರೆ ಆ ಖರ್ಚು ನೀರಿನ ಪಾಲು. ಮೀನಿನ ಪಾಲು ನಂಬಿದ ಕೆಲಸಗಾರರಿಗೂ ಏನೂ ಸಿಗುವುದಿಲ್ಲ. ದಕ್ಕೆಯಲ್ಲಿ ಮೀನು ಹೊರುವವರು, ಐಸು ಒಡೆಯುವವರು, ರಿಕ್ಷಾ ಟೆಂಪೊದವರು, ಸೈಕಲಿನಲ್ಲಿ, ಸ್ಕೂಟರಿನಲ್ಲಿ ಮನೆಮನೆಗೆ ಮೀನು ಕೊಡುವವರು, ಇವರಲ್ಲಿ ನಮ್ಮ ಬ್ಯಾರಿಗಳು ಎಷ್ಟು ಮಂದಿ ಎಂದು ಹೇಳಬೇಕಾಗಿಲ್ಲ. ಅವರಿಗೆ ದಿನಗೂಲಿಯೇ ಜೀವನ.

ನಿಷೇಧದ ತಿಂಗಳುಗಳಿಗೆ ಮೀನುಗಾರರಿಗೆ ಉಳಿತಾಯ ಪರಿಹಾರ ಯೋಜನೆ ಇದೆ. ಚಳಿಗಾಲದಲ್ಲಿ ಎಚ್ಚರಿಕೆಗೆ ತಲೆಬಾಗಿ ಎರಡು ಮೂರು ದಿನ ಬೋಟ್ ಕಟ್ಟಿದರೆ ಅದು ಆ ಲೆಕ್ಕದೊಳಗೆ ಬರುವುದಿಲ್ಲ. ದಕ್ಕೆಯ ಹೊರೆಯಾಳಿನ ಮಾತಂತೂ ಎಲ್ಲೂ ಇಲ್ಲ. ಎಚ್ಚರಿಕೆ ಪಾಲಿಸಿದವನಿಗೆ ನಷ್ಟ, ಪಾಲಿಸದೆ ಹೋಗಿ ಮೀನು ತಂದವನಿಗೆ ಲಾಭ ಎಂದಾದರೆ ಎಚ್ಚರಿಕೆಯನ್ನು ಯಾರು ಕೇಳುತ್ತಾರೆ? ನಮ್ಮ ಸಂಘಟನೆಗಳು ಸರಕಾರದ ಮುಂದೆ ಇಡುವ ಬೇಡಿಕೆಗಳಲ್ಲಿ ಇದೂ ಒಂದು ಸಾಲು ಆಗಬೇಕು.

ಎಚ್ಚರಿಕೆ ಇದೆ, ಕೇಳುವವರು ಬೇಕು

ಒಖಿಯ ಕಾಲಕ್ಕೂ ಈಗಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹೈದರಾಬಾದಿನಲ್ಲಿ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಇದೆ. ಚಿಕ್ಕದಾಗಿ ಇನ್‌ಕಾಯಿಸ್ ಎನ್ನುತ್ತಾರೆ. ಅಲೆ ಎಷ್ಟು ಎತ್ತರ, ಯಾವ ದಿಕ್ಕಿನಿಂದ, ಎಷ್ಟು ಸೆಕೆಂಡಿಗೊಂದು ಎಂಬುದನ್ನೆಲ್ಲ ಅದು ಮುಂಚಿತವಾಗಿ ಪ್ರಕಟಿಸುತ್ತದೆ. ಮಂಗಳೂರು, ಉಡುಪಿ, ಉತ್ತರ ಕನ್ನಡಕ್ಕೆ ಬೇರೆ ಬೇರೆಯಾಗಿ ಸಿಗುತ್ತದೆ. ಮೊಬೈಲ್ ಸಿಗ್ನಲ್ ದಡದಿಂದ 10, 12 ಕಿ.ಮೀ. ದಾಟಿದರೆ ಸಿಗುವುದಿಲ್ಲ. ಅದಕ್ಕಾಗಿ ಉಪಗ್ರಹದ ಮೂಲಕ ಬೋಟಿಗೆ ಸಂದೇಶ ಕಳಿಸುವ ಜೆಮಿನಿ ಎಂಬ ಉಪಕರಣವನ್ನು 2019ರಲ್ಲಿ ತಂದರು. ಕೇರಳದ ಮೀನುಗಾರರು ಕಳ್ಳಕ್ಕಡಲ್ ಎನ್ನುವ ಉಬ್ಬಲೆ ಇದೆಯಲ್ಲ, ಗಾಳಿ ಮಳೆ ಏನೂ ಇಲ್ಲದೆ ಕಳ್ಳನಂತೆ ನುಗ್ಗುವ ಕಡಲು, ಅದಕ್ಕೂ ಈಗ ಮುನ್ಸೂಚನೆ ಇದೆ. ಅದು ಹುಟ್ಟುವುದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ, ನಮ್ಮಲ್ಲಿ ಹೆಚ್ಚು ಕಾಣುವುದು ಬೇಸಿಗೆಯಲ್ಲಿ.

ಆದರೆ ಮುನ್ಸೂಚನೆ ಇದ್ದರೆ ಸಾಲದು. 2024ರ ಮೇ ತಿಂಗಳ ಮೊದಲ ವಾರ ಕೇರಳ, ತಮಿಳುನಾಡಿಗೆ ಕಳ್ಳಕ್ಕಡಲ್ ಎಚ್ಚರಿಕೆ ಕೊಟ್ಟಿದ್ದರು. ಆದರೂ ಮೇ 6ರಂದು ಕನ್ಯಾಕುಮಾರಿಯ ಬಳಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಕಡಲಿನ ಪಾಲಾದರು. ಓದಿದವರು, ಕೈಯಲ್ಲಿ ಫೋನ್ ಇದ್ದವರು. ಎಚ್ಚರಿಕೆ ಫೋನಿನಲ್ಲಿತ್ತು, ಮನಸ್ಸಿಗೆ ಬರಲಿಲ್ಲ. ನಮ್ಮ ಜಮಾಅತಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ದಿನಕ್ಕೆ ನೂರು ಫಾರ್ವರ್ಡ್ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಪ್ರತೀ ಶುಕ್ರವಾರ ಒಂದು ಸಾಲು, "ಈ ವಾರ ಊರಿನ ಕಡಲು ಹೇಗಿದೆ" ಎಂದು ಕನ್ನಡದಲ್ಲಿ ಹಾಕಲು ಒಬ್ಬ ಪಿಯುಸಿ ಹುಡುಗ ಸಾಕು.

ಹೊರಡುವ ಮುನ್ನ

ಗೊರಗುಂಟೆಪಾಳ್ಯದಲ್ಲಿ ಬಸ್ ಹತ್ತುವ ಮುಂಚೆ ಇಷ್ಟು ನೆನಪಿರಲಿ.

ಕಡಲಿಗೆ ಹೋಗುವ ದಿನದ ಇನ್‌ಕಾಯಿಸ್ ಮತ್ತು ಹವಾಮಾನ ಇಲಾಖೆಯ ಸೂಚನೆ ನೋಡಿ. ಮೀನುಗಾರರು ಕಡಲಿಗಿಳಿಯಬಾರದು ಎಂದು ಇದ್ದರೆ ಅದು ನಮ್ಮ ಮಕ್ಕಳಿಗೂ ಅನ್ವಯ. ಗಲ್ಫಿನಿಂದ ಶಮಾಲ್ ಸುದ್ದಿ ಬಂದರೆ ಮುಂದಿನ ಐದು ದಿನ ಜಾಗ್ರತೆ.

ಚಂದ್ರನನ್ನು ನೋಡಿ. ಹಿಜ್ರಿ ತಿಂಗಳ ಮೊದಲ ಮೂರು ದಿನ, ಮತ್ತೆ 14ರಿಂದ 17ರವರೆಗೆ ಭರತ ಹೆಚ್ಚು. ಆಗ ಉಬ್ಬಲೆಯೂ ಸೇರಿದರೆ ನೀರು ಮಾಮೂಲಿಗಿಂತ ಮೇಲೆ ಬರುತ್ತದೆ. ಕ್ಯಾಲೆಂಡರ್ ಪ್ರತೀ ಮನೆಯಲ್ಲೂ ಇದೆ.

ದಡಕ್ಕೆ ಹೋದ ಕೂಡಲೇ ಇಳಿಯಬೇಡಿ. ಇಪ್ಪತ್ತು ನಿಮಿಷ ನಿಂತು ನೋಡಿ, ದೊಡ್ಡ ಅಲೆಗಳ ಗುಂಪು ಒಮ್ಮೆಯಾದರೂ ಕಣ್ಣಿಗೆ ಬೀಳಲಿ. ಅಲ್ಲಿಯ ಮೀನುಗಾರರನ್ನು ಕೇಳಿ. ಕೆಂಪು ಬಾವುಟ ಇದ್ದರೆ ಮಾತೇ ಇಲ್ಲ. ಕಾವಲಿನವರು ಇರುವ ಕಡೆಗೇ ಹೋಗಿ. ಪಣಂಬೂರು ಇದೆ, ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಪಡುಬಿದ್ರಿ ಇದೆ. ಸೋಮೇಶ್ವರದ ಬಂಡೆಗಳ ಮೇಲೆ ಫೋಟೊಕ್ಕೆ ನಿಲ್ಲಬೇಡಿ.

ನಮ್ಮ ಹೆಂಗಸರು ಬುರ್ಖಾದಲ್ಲಿ, ಹುಡುಗರು ಜೀನ್ಸಿನಲ್ಲಿ ನೀರಿಗಿಳಿಯುತ್ತಾರೆ. ಒದ್ದೆಯಾದ ಬಟ್ಟೆಯ ಭಾರ ಕಾಲನ್ನು ಏಳಲು ಬಿಡುವುದಿಲ್ಲ. ಪಾದ ನೆನೆಯುವಷ್ಟು ಸಾಕು.

ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ನೇರ ಈಜಬೇಡಿ, ಸುಸ್ತಾಗಿ ಮುಳುಗುವುದು ಅದರಿಂದಲೇ. ಮೇಲೆ ತೇಲಿಕೊಂಡು, ಕೈ ಎತ್ತಿ, ದಡಕ್ಕೆ ಸಮಾನಾಂತರವಾಗಿ ಬದಿಗೆ ಸರಿಯಿರಿ. ಸೆಳೆತದ ಅಗಲ ಸಾಮಾನ್ಯವಾಗಿ ಹೆಚ್ಚಿರುವುದಿಲ್ಲ. ನಮ್ಮ ಹುಡುಗನನ್ನು ಆ ಯುವಕ ಬದಿಗೆ ಎಳೆದದ್ದು ಯಾಕೆಂದು ನನಗೆ ಅರ್ಥವಾದದ್ದು ಆಮೇಲೆ. ಈಜು ಬಾರದವರು ಹಾರಬೇಡಿ. ಹಗ್ಗ, ಚೆಂಡು, ಮುಚ್ಚಳ ಬಿಗಿದ ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆಯಿರಿ. 112ಕ್ಕೆ ಫೋನ್ ಮಾಡಿ. ಕರಾವಳಿ ಕಾವಲು ಪಡೆಯ ನಂಬರ್ 1554.

ಕೊನೆಗೆ ಒಂದು ಮಾತು. ಕಡಲಿನಲ್ಲಿ ಯಾರಾದರೂ ಹೋದರೆ ನಾವು "ಅವನ ಆಯಸ್ಸು ಅಷ್ಟೇ" ಎಂದು ಸಮಾಧಾನ ಹೇಳುತ್ತೇವೆ. ಸಾವಿನ ಮನೆಯಲ್ಲಿ ಆ ಮಾತು ಸರಿ. ಆದರೆ ಮನೆಯಿಂದ ಹೊರಡುವಾಗ ಅದೇ ಮಾತನ್ನು ನೆವ ಮಾಡಿಕೊಳ್ಳುವುದು ಸರಿಯಲ್ಲ. ತವಕ್ಕುಲ್ ಎಂದರೆ ಜಾಗ್ರತೆ ಬಿಡುವುದಲ್ಲ, ಮಾಡಬೇಕಾದ ಜಾಗ್ರತೆ ಮಾಡಿ ಆಮೇಲೆ ಭರವಸೆ ಇಡುವುದು. ಮದ್ರಸದಲ್ಲಿ ಮಕ್ಕಳಿಗೆ ನಾವು ಕಲಿಸುವುದೂ ಇದನ್ನೇ.

ಬ್ಯಾರಿ ಎಂಬ ಹೆಸರು ವ್ಯಾಪಾರ ಎಂಬ ಅರ್ಥದ ಬ್ಯಾರದಿಂದ ಬಂತೆಂದು ಕೆಲವರು, ಸಮುದ್ರ ಎಂಬ ಅರ್ಥದ ಬಹ್ರ್‌ನಿಂದ ಬಂತೆಂದು ಕೆಲವರು ಹೇಳುತ್ತಾರೆ. ಯಾವುದು ಸರಿಯೋ ವಿದ್ವಾಂಸರು ಹೇಳಲಿ. ಗಾಳಿ ನೋಡಿ ಹಡಗು ಬಿಟ್ಟ ಹಿರಿಯರ ಮೊಮ್ಮಕ್ಕಳು ನಾವು. ಗಾಳಿ ನೋಡುವುದನ್ನು ಮರೆತಿದ್ದೇವೆ, ಅಷ್ಟೇ.

ನಾಳೆ ಆ ಐದನೇ ತರಗತಿಯ ಹುಡುಗನಿಗೆ ಸರಿಯಾದ ಉತ್ತರ ಹೇಳಬೇಕು: "ಮಳೆ ಇಲ್ಲ ಎಂದು ಇಳಿಯಬೇಡ ಮಗಾ. ಮೊದಲು ಕೇಳು, ಆಮೇಲೆ ನೋಡು, ಆಮೇಲೂ ಪಾದ ಮಾತ್ರ."